ದೊಡ್ಡ ಗಡಿಯಾರದ ಕೆಳಗೆ ಕಲಿತ ಕನ್ನಡ ಅಂಕಿ

ಮಾನ್ಯ ಸಂಪಾದಕರೇ,

ಕಳೆದ ವಾರ ಮೊಮ್ಮಕ್ಕಳಿಬ್ಬರನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದೆ. ಬೆಳಿಗ್ಗೆ ಹೋಗಿ ಸಂಜೆ ವಾಪಸ್. ಅಲ್ಲಿ ನಡೆದ ಒಂದು ಸಂಗತಿಯನ್ನು ನಿಮಗೆ ಬರೆಯಲೇಬೇಕು ಅನಿಸಿತು.

ಇವರು ಮಗಳ ಮಕ್ಕಳು. ಬೆಂಗಳೂರಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಮೊಮ್ಮಗಳಿಗೆ ಒಂಬತ್ತು, ಮೊಮ್ಮಗನಿಗೆ ಏಳು ವರ್ಷ. ರಜಕ್ಕೆ ಪಾಂಡವಪುರದ ಹತ್ತಿರದ ನಮ್ಮ ಊರಿಗೆ ಬಂದಿದ್ದರು. ಬಸ್ಸಿನಲ್ಲಿ ನನಗೂ ಅವಳಿಗೂ ಶಕ್ತಿ ಯೋಜನೆಯ ಫ್ರೀ ಟಿಕೆಟ್, ಅವನಿಗೆ ಅರ್ಧ ಟಿಕೆಟ್. ದುಡ್ಡು ಕೊಟ್ಟು ತಗೊಂಡ ಟಿಕೆಟ್ ತನ್ನದೊಂದೇ ಅಂತ ಅವನಿಗೆ ಭಾರಿ ಹೆಮ್ಮೆ. ಮೈಸೂರು ಬರುವ ತನಕ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದ.

ಮೃಗಾಲಯ ನೋಡಿಯಾಯಿತು. ಜಿರಾಫೆ ಮುಂದೆ ಜಾಸ್ತಿ ಹೊತ್ತು ನಿಂತರು. ತಂದಿದ್ದ ಬುತ್ತಿ ತಿಂದು, ಅರಮನೆಯನ್ನು ಹೊರಗಿನಿಂದ ನೋಡಿಕೊಂಡು ಟೌನ್‌ಹಾಲ್ ಕಡೆ ಬಂದೆವು. ಬಿಸಿಲಿತ್ತು. ಉಪ್ಪು ಖಾರ ಹಚ್ಚಿದ ಸೌತೆಕಾಯಿ ಕೊಡಿಸಿ ನೆರಳಲ್ಲಿ ನಿಂತೆವು. ಎದುರಿಗೇ ದೊಡ್ಡ ಗಡಿಯಾರ.

ಮೊಮ್ಮಗ ಸೌತೆಕಾಯಿ ತಿನ್ನುವುದನ್ನೂ ಬಿಟ್ಟು ಮೇಲೆ ನೋಡುತ್ತಿದ್ದ. 'ಅಜ್ಜಿ, ಈ ಗಡಿಯಾರ ತಪ್ಪು' ಅಂದ. ಯಾಕಪ್ಪಾ ಅಂದೆ. '8 ಆ ಕಡೆ ಇರಬೇಕು. ಇಲ್ಲಿ ಈ ಕಡೆ ಬರೆದುಬಿಟ್ಟಿದ್ದಾರೆ. ಮೇಲುಗಡೆ ಸರಿಯಾಗಿ ಮುಚ್ಚಿಯೂ ಇಲ್ಲ' ಅಂದ.

ಅವನು ತೋರಿಸುತ್ತಿದ್ದದ್ದು ನಮ್ಮ ೪. ಆ ಗಡಿಯಾರದಲ್ಲಿರುವುದು ಕನ್ನಡದ ಅಂಕಿ. ಮಗು ಅದನ್ನು ಒಮ್ಮೆಯೂ ನೋಡಿರಲಿಲ್ಲ. ನನಗೆ ಒಂದು ಕ್ಷಣ ಹೊಟ್ಟೆ ಚುರ್ ಅಂದಿತು.

ನಾನು ಏನೂ ಹೇಳಿಕೊಡಲಿಲ್ಲ. '8 ಅಲ್ಲದಿದ್ದರೆ ಆ ಜಾಗದಲ್ಲಿ ಏನಿರಬೇಕು, ಹೇಳು' ಅಂದೆ ಅಷ್ಟೆ. ಅಕ್ಕ ತಟ್ಟನೆ '4' ಅಂದಳು. ಅಲ್ಲಿಂದ ಇಬ್ಬರೂ ಶುರು ಮಾಡಿದರು. ಯಾವ ಅಂಕಿ ಎಲ್ಲಿರುತ್ತೆ ಅನ್ನುವುದು ಮಕ್ಕಳಿಗೆ ಮೊದಲೇ ಗೊತ್ತು, ಅಲ್ವಾ? ಜಾಗ ನೋಡಿಕೊಂಡೇ ಒಂದೊಂದಾಗಿ ಓದಿದರು. ೩ಕ್ಕೂ ೬ಕ್ಕೂ ಸ್ವಲ್ಪ ಜಗಳವಾಯಿತು. ನನ್ನ ಚೀಲದಲ್ಲಿದ್ದ ಪೆನ್ನು ಇಸ್ಕೊಂಡು ಮೊಮ್ಮಗ ತನ್ನ ಅರ್ಧ ಟಿಕೆಟ್ಟಿನ ಹಿಂದೆ ೧ರಿಂದ ೧೦ರವರೆಗೆ ಬರೆದ. ಜಾಗ ಸಾಲದೆ ೧೧, ೧೨ ಅಕ್ಕನ ಟಿಕೆಟ್ಟಿಗೆ ಹೋದವು. ಕಾಲು ಗಂಟೆ ಕೂಡ ಹಿಡಿಯಲಿಲ್ಲ.

ಅದು 1927ರಲ್ಲಿ ಕಟ್ಟಿದ ಗೋಪುರ. ನಾಲ್ವಡಿ ಕೃಷ್ಣರಾಜ ಒಡೆಯರು 1902ರಲ್ಲಿ ಅಧಿಕಾರ ವಹಿಸಿಕೊಂಡು 25 ವರ್ಷ ತುಂಬಿದ ನೆನಪಿಗೆ ಕಟ್ಟಿದ್ದು. ನಮ್ಮ ಕಡೆಯ ನಾಲೆಗೆ ನೀರು ಬರುವುದು ಅವರ ಕಾಲದ ಕನ್ನಂಬಾಡಿ ಕಟ್ಟೆಯಿಂದ ಅಂತ ಮಕ್ಕಳಿಗೆ ಹೇಳಿದೆ. ಅವರ ಗಮನವೆಲ್ಲ ಮುಳ್ಳಿನ ಮೇಲೇ ಇತ್ತು.

ನಮ್ಮಪ್ಪ ಆಲೆಮನೆ ನಡೆಸುತ್ತಿದ್ದರು. ದಿನಕ್ಕೆ ಎಷ್ಟು ಕೊಪ್ಪರಿಗೆ ಇಳಿಯಿತು, ಎಷ್ಟು ಅಚ್ಚು ಬೆಲ್ಲ ಆಯಿತು ಅಂತ ಇದ್ದಿಲಿನಲ್ಲಿ ಗೋಡೆ ಮೇಲೆ ಬರೆಯುತ್ತಿದ್ದರು. ಎಲ್ಲ ಕನ್ನಡ ಅಂಕಿಯಲ್ಲೇ. ಅವರ ೯ಕ್ಕೆ ಬಾಲ ಸ್ವಲ್ಪ ಉದ್ದ. ನಾನು ಶಾಲೆಗೆ ಸೇರುವ ಮೊದಲೇ ಆ ಗೋಡೆ ನೋಡಿ ಎಣಿಸಲು ಕಲಿತೆ. ನನ್ನ ಮಗಳಿಗೂ ಅಂಕಿ ಗೊತ್ತು. ಅವಳು ಮಕ್ಕಳಿಗೆ ಕಲಿಸಲಿಲ್ಲ ಅಂತ ಬೈಯಲು ನನಗೆ ಮನಸ್ಸಿಲ್ಲ. ಫೋನ್ ನಂಬರು, ಪಾಸ್‌ಬುಕ್ಕು, ಕರೆಂಟ್ ಬಿಲ್ಲು ಎಲ್ಲ ಬೇರೆ ಅಂಕಿಯಲ್ಲಿ ಇರುವಾಗ ಅವಳಾದರೂ ಯಾವುದನ್ನು ತೋರಿಸಿ ಕಲಿಸಬೇಕು? ಲೆಕ್ಕಕ್ಕೆ ಈಗಿನ ಅಂಕಿಯೇ ಇರಲಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮದನ್ನು ಕಂಡರೆ ಮಗು 'ತಪ್ಪು' ಅನ್ನುವ ಹಾಗೆ ಆಗಬಾರದು.

ಸಂಜೆ ಬಸ್ ನಿಲ್ದಾಣದಲ್ಲಿ ಮೊಮ್ಮಗಳು ನನ್ನ ಸೆರಗು ಹಿಡಿದು ಎಳೆದಳು. ಒಂದು ಬಸ್ಸಿನ ಮೇಲೆ ಕನ್ನಡದಲ್ಲಿ 'ಕೆಎ ೧೧' ಅಂತಿತ್ತು. 'ಹನ್ನೊಂದು ಅಂದ್ರೆ ಮಂಡ್ಯ ಅಂತ ತಾತ ಹೇಳಿದ್ರಲ್ಲ, ಇದು ನಮ್ಮ ಕಡೆ ಬಸ್ಸೇ ಅಜ್ಜಿ' ಅಂದಳು. ಅದು ಹೋಗುತ್ತಿದ್ದದ್ದು ಬೇರೆ ಊರಿಗೆ. ಆದರೂ ಓದಿದಳಲ್ಲ!

ಶಾಲೆಗಳಿಂದ ಪ್ರವಾಸಕ್ಕೆ ಬರುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಅರಮನೆಗೆ ಮಕ್ಕಳನ್ನು ಹೇಗೂ ಕರೆತರುತ್ತೀರಿ. ಹತ್ತು ನಿಮಿಷ ದೊಡ್ಡ ಗಡಿಯಾರದ ಮುಂದೆ ನಿಲ್ಲಿಸಿ. 'ಈಗ ಗಂಟೆ ಎಷ್ಟು' ಅಂತ ಕೇಳಿ ಸುಮ್ಮನಿರಿ, ಸಾಕು. ಗೋಪುರ ನೋಡಿಕೊಳ್ಳುವವರು ಕೆಳಗೆ, ಮಕ್ಕಳ ಕಣ್ಣಿಗೆ ಸಿಗುವ ಎತ್ತರದಲ್ಲಿ, ಎರಡೂ ಅಂಕಿ ಪಕ್ಕಪಕ್ಕ ಬರೆದ ಒಂದು ಚಿಕ್ಕ ಫಲಕ ಹಾಕಿಸಿದರೆ ಇನ್ನೂ ಒಳ್ಳೆಯದು.

ನಿಮ್ಮಲ್ಲೂ ಒಂದು ಮಾತು. ಮಕ್ಕಳಿಗಾಗಿ ಒಮ್ಮೆ ಕನ್ನಡ ಅಂಕಿಯ ಗಡಿಯಾರದ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿ. ಅದನ್ನು ಕತ್ತರಿಸಿ ಬೆಂಗಳೂರಿಗೆ ಕಳಿಸುತ್ತೇನೆ. ಮೊಮ್ಮಗ ಟಿಕೆಟ್ಟನ್ನು ಇಲ್ಲೇ ಮರೆತು ಹೋಗಿದ್ದಾನೆ, ಜೊತೆಗೆ ಅದನ್ನೂ ಇಡುತ್ತೇನೆ.

ಇಂತಿ,
ಒಬ್ಬ ಅಜ್ಜಿ
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ