ವಾಸ್ಕೋ ಡ ಗಾಮ ಕಾರವಾರದ ಬಳಿಗೂ ಬಂದಿದ್ದ

ಮಾನ್ಯ ಸಂಪಾದಕರೇ,

ನಾನು ಹುಬ್ಬಳ್ಳಿ ಕಡೆಯವನು, ಇಪ್ಪತ್ತು ವರ್ಷದಿಂದ ಗೋವಾದ ವಾಸ್ಕೋದಲ್ಲಿದ್ದೇನೆ. ಇಲ್ಲಿ ಬೈನಾ, ಜುವಾರಿನಗರ, ಬಂದರಿನ ಸುತ್ತಮುತ್ತ ಎಲ್ಲಿ ಹೋದರೂ ಕನ್ನಡ ಕಿವಿಗೆ ಬೀಳುತ್ತದೆ. ಮೊನ್ನೆ ಮಗಳು ಕೇಳಿದಳು, "ಅಪ್ಪಾ, ವಾಸ್ಕೋ ಡ ಗಾಮ ಇದೇ ಬಂದರಿನಲ್ಲಿ ಇಳಿದನಾ?" ಊರಿಗೆ ಅವನ ಹೆಸರೇ ಇರುವಾಗ ಮಕ್ಕಳಿಗೆ ಹಾಗನ್ನಿಸುವುದು ಸಹಜ ಅಲ್ವಾ. ನನ್ನ ಜೊತೆ ಕೆಲಸ ಮಾಡುವ ದೊಡ್ಡವರೇ ಹಾಗೆ ತಿಳಿದಿದ್ದಾರೆ.

ಅವನು 1498ರ ಮೇ 20ರಂದು ಬಂದದ್ದು ಕೋಝಿಕೋಡ್ ಹತ್ತಿರದ ಕಪ್ಪಾಡಿಗೆ. ಪಾಠದಲ್ಲಿ ಇಷ್ಟು ಇರುತ್ತದೆ, ಪತ್ರಿಕೆಗಳ ಲೇಖನಗಳೂ ಜಾಸ್ತಿ ಅಲ್ಲಿಗೇ ನಿಲ್ಲುತ್ತವೆ. ಆಮೇಲೆ ಅವನು ನಮ್ಮ ಕರಾವಳಿಗೆ ಬಂದ ಸಂಗತಿಯನ್ನು ಕನ್ನಡ ಪತ್ರಿಕೆಯಾದರೂ ಬರೆಯಬೇಕು ಅಂತ ಈ ಪತ್ರ.

ಕೋಝಿಕೋಡಿನ ದೊರೆಗೆ ಅವನು ತಂದ ಉಡುಗೊರೆ ಬಟ್ಟೆ, ಟೋಪಿ, ಹವಳ, ಸಕ್ಕರೆ, ಜೇನುತುಪ್ಪ ಇಂಥವು. ಅರಮನೆಯವರು ನೋಡಿ ನಕ್ಕರು. ವ್ಯಾಪಾರ ಅಂದುಕೊಂಡಂತೆ ಆಗಲಿಲ್ಲ, ಮನಸ್ತಾಪ ಬೆಳೆಯಿತು, ಆಗಸ್ಟ್ ಕೊನೆಗೆ ಹೊರಟುಬಿಟ್ಟ. ಕರಾವಳಿ ಹಿಡಿದು ಉತ್ತರಕ್ಕೆ ಬಂದು ಹಡಗು ರಿಪೇರಿ ಮಾಡಿಸಿಕೊಳ್ಳಲು, ಕುಡಿಯುವ ನೀರು ತುಂಬಿಸಿಕೊಳ್ಳಲು ನಿಂತದ್ದು ಅಂಜುದೀವದಲ್ಲಿ. ಕಾರವಾರದ ಮಗ್ಗುಲಲ್ಲೇ ಇರುವ ದ್ವೀಪ ಅದು, ಆಡಳಿತದ ಲೆಕ್ಕದಲ್ಲಿ ಗೋವಾಕ್ಕೆ ಸೇರಿದೆ.

ಅಲ್ಲಿ ಒಬ್ಬ ಮನುಷ್ಯ ಅವರ ಹಡಗಿಗೆ ಬಂದ. ಯುರೋಪಿನ ಮಾತು ಬಲ್ಲವನು, ಯಹೂದಿ, ಆಗ ಗೋವಾ ಆಳುತ್ತಿದ್ದ ಬಿಜಾಪುರದವರ ಕಡೆ ಕೆಲಸದಲ್ಲಿದ್ದವನು. ಗೂಢಚಾರ ಅಂತ ಅನುಮಾನಪಟ್ಟು ಗಾಮ ಅವನನ್ನು ಹೊಡೆಸಿದ, ಹಿಂಸೆ ಕೊಟ್ಟು ಬಾಯಿಬಿಡಿಸಿದ, ಕೊನೆಗೆ ಲಿಸ್ಬನ್‌ಗೆ ಕರೆದುಕೊಂಡೇ ಹೋದ. ಅಲ್ಲಿ ಅವನಿಗೆ ಕ್ರೈಸ್ತ ದೀಕ್ಷೆ ಕೊಟ್ಟು ಗಾಸ್ಪರ್ ಡ ಗಾಮ ಅಂತ ಹೆಸರಿಟ್ಟರು. 1500ರಲ್ಲಿ ಕಬ್ರಾಲ್ ಎಂಬ ಇನ್ನೊಬ್ಬ ಪೋರ್ಚುಗೀಸ್ ನಾವಿಕ ಭಾರತಕ್ಕೆ ಹಡಗು ಹೊರಡಿಸಿದಾಗ ಅವನೇ ದುಭಾಷಿ.

ಗಾಳಿಯ ವಿಷಯ ಇನ್ನೂ ಮುಖ್ಯ ಅಂತ ನನಗನ್ನಿಸುತ್ತದೆ. ಬರುವಾಗ ಆಫ್ರಿಕಾದ ಮಲಿಂದಿಯ ರಾಜ ಕೊಟ್ಟ ನಾವಿಕ ಜೊತೆಗಿದ್ದ, ಗಾಳಿಯೂ ಕೂಡಿಬಂತು, ಸುಮಾರು 23 ದಿನಕ್ಕೇ ನೆಲ ಕಂಡಿತು. ಹಿಂದಿರುಗಲು ಚಳಿಗಾಲದ ಈಶಾನ್ಯ ಗಾಳಿಗೆ ಕಾಯಬೇಕಿತ್ತು. ಈ ಸಮುದ್ರದಲ್ಲಿ ತಲೆತಲಾಂತರದಿಂದ ಓಡಾಡಿದ ಅರಬ್ಬರು, ಗುಜರಾತಿಗಳು, ನಮ್ಮ ಕರಾವಳಿಯವರು ಎಲ್ಲರಿಗೂ ಗೊತ್ತಿದ್ದ ಲೆಕ್ಕ ಅದು. ಅವನು ಕಾಯದೆ ಅಕ್ಟೋಬರ್ 5ಕ್ಕೇ ಹೊರಟ. ಒಂದು ದಿನ ಗಾಳಿಯೇ ಇಲ್ಲ, ಇನ್ನೊಂದು ದಿನ ಎದುರುಗಾಳಿ. ಹೋದಷ್ಟೂ ಹಿಂದಕ್ಕೆ. ಸಮುದ್ರ ದಾಟಲು ಹತ್ತಿರ ಹತ್ತಿರ ಮೂರು ತಿಂಗಳು ಹಿಡಿಯಿತು. ಹಣ್ಣು ತರಕಾರಿ ಇಲ್ಲದೆ ಒಸಡು ಊದಿ ಹಲ್ಲಿನ ಮೇಲೆ ಬಂದು ಊಟವೂ ಇಳಿಯದಂತಾಯಿತು, ಆ ದಾರಿಯಲ್ಲೇ ಸುಮಾರು 30 ಜನ ಸತ್ತರು. ಕೆಲಸ ಮಾಡುವಂಥವರು ಒಂದೊಂದು ಹಡಗಿನಲ್ಲಿ ಏಳೆಂಟು ಜನ ಮಾತ್ರ ಉಳಿದಿದ್ದರು ಅಂತ ಆ ಪ್ರಯಾಣದ ದಿನಚರಿಯಲ್ಲೇ ಇದೆ. ನಡೆಸಲು ಜನ ಸಾಲದೆ ಆಫ್ರಿಕಾದ ದಂಡೆಯಲ್ಲಿ ಒಂದು ಹಡಗನ್ನು ಅವರೇ ಸುಟ್ಟರು. ಅವನ ಅಣ್ಣ ಪಾವ್ಲೊ ಊರು ಮುಟ್ಟುವ ಮೊದಲೇ ತೀರಿಕೊಂಡ.

ಇದನ್ನು ಓದುವಾಗ ನನಗೆ ಮರುಕ ಬಂತು. ಆದರೆ 1502ರಲ್ಲಿ ಅವನು ಎರಡನೇ ಸಲ ಬಂದಾಗ ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ದೋಚಿ, ಹೆಂಗಸರು ಮಕ್ಕಳು ಇದ್ದ ಹಾಗೇ ಬೆಂಕಿ ಹಚ್ಚಿಸಿದ. ಸತ್ತವರು ನೂರಾರು ಜನ. ಮಕ್ಕಳಿಗೆ ಗಾಮನ ಧೈರ್ಯ ಹೇಳುವಾಗ ಇದನ್ನೂ ಹೇಳಲೇಬೇಕು. ನನ್ನ ಮಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ ಅವಳು.

ಗೋವಾಕ್ಕೆ ಅವನು ಬಂದದ್ದು 1524ರಲ್ಲಿ, ವೈಸ್‌ರಾಯ್ ಆಗಿ. ಕೆಲವೇ ತಿಂಗಳು, ಅದೇ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ಸತ್ತ. ಹಳೇ ಗೋವಾದಲ್ಲಿ ದಿವಾರ್ ಫೆರಿಗೆ ಹೋಗುವ ದಾರಿಯ ಕಮಾನಿನ ಮೇಲೆ ಅವನ ವಿಗ್ರಹ ಇದೆ. ಅದನ್ನು ಕಟ್ಟಿಸಿದ್ದು ಅವನ ವಂಶದವನೇ ಆದ ಫ್ರಾನ್ಸಿಸ್ಕೊ ಡ ಗಾಮ. ಊರಿನಿಂದ ನೆಂಟರು ಬಂದರೆ ಅದರ ಕೆಳಗೇ ಹಾದುಹೋಗುತ್ತೇವೆ, ಯಾರೂ ತಲೆ ಎತ್ತಿ ನೋಡುವುದಿಲ್ಲ.

ಅಂಜುದೀವ ಈಗ ನೌಕಾಪಡೆಯ ವಶದಲ್ಲಿದೆ, ಸುಮ್ನೆ ನೋಡಿಬರೋಣ ಅಂದರೆ ಆಗುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಕಾರವಾರದ ಇತಿಹಾಸ ಬಲ್ಲವರಿಂದ ಆ ದ್ವೀಪದ ಬಗ್ಗೆ ಒಂದು ಲೇಖನ ಬರೆಸಿ, ನಕ್ಷೆ ಹಾಕಿ, ಮಕ್ಕಳಿಗೂ ಅರ್ಥವಾಗುವ ಹಾಗಿರಲಿ. ಬಂದ ದಿನ ಮಗಳ ಕೈಲೇ ಓದಿಸುತ್ತೇನೆ.

ಇಂತಿ,
ನಿಮ್ಮ ಓದುಗ, ವಾಸ್ಕೋ, ಗೋವಾ