ಪಂಪ್ ಬದಲಿಸುವ ಮುನ್ನ ಗೇಜ್ ಹಾಕಿ

ಮಾನ್ಯ ಸಂಪಾದಕರೇ,

ರಾತ್ರಿ ನಿಲ್ಲಿಸಿದ ಪೆಟ್ರೋಲ್ ಕಾರು ಬೆಳಿಗ್ಗೆ ಐದಾರು ಸೆಕೆಂಡ್ ಸೆಲ್ಫ್ ಹೊಡೆದ ಮೇಲೆಯೇ ಸ್ಟಾರ್ಟ್ ಆಗುತ್ತದೆ ಎಂದು ಗ್ಯಾರೇಜಿಗೆ ಒಯ್ದರೆ ಮೊದಲು ಪ್ಲಗ್, ಆಮೇಲೆ ಬ್ಯಾಟರಿ, ಕೊನೆಗೆ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪ್ ಬದಲಾಗುತ್ತದೆ. ಸಾವಿರಾರು ರೂಪಾಯಿ ಸುರಿದರೂ ತೊಂದರೆ ಹಾಗೇ ಉಳಿಯುವುದುಂಟು. ಪೆಟ್ರೋಲಿನ ಪ್ರೆಶರ್ ಅಳೆಯದೆ ಪಂಪ್ ಬದಲಿಸುವ ಈ ರೂಢಿ ನಿಲ್ಲಬೇಕು.

ಮಾಲೀಕರು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿದರೆ ಪಂಪ್ ಎರಡು-ಮೂರು ಸೆಕೆಂಡ್ ಓಡಿ ನಿಲ್ಲುತ್ತದೆ. ಹಿಂದಿನ ಸೀಟಿನ ಕಡೆಯಿಂದ ಗುಂಯ್ ಎಂಬ ಸದ್ದು ಕೇಳಿಸುತ್ತದೆ. ಹೀಗೆ ಮೂರು ಸಲ ಆನ್-ಆಫ್ ಮಾಡಿ ಸೆಲ್ಫ್ ಕೊಟ್ಟಾಗ ಗಾಡಿ ತಕ್ಷಣ ಸ್ಟಾರ್ಟ್ ಆದರೆ, ಪಂಪ್ ಪ್ರೆಶರ್ ಕಟ್ಟುತ್ತಿದೆ, ಆದರೆ ಅದು ಲೈನಿನಲ್ಲಿ ನಿಲ್ಲುತ್ತಿಲ್ಲ ಎಂದೇ ಹೆಚ್ಚಿನ ಅನುಮಾನ.

ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಪ್ರೆಶರ್ ಅಳೆಯುವ ಗೇಜ್ ಬೇಕು. ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿದ ಮೇಲೆಯೇ ಪೈಪಿಗೆ ಕೈ ಹಾಕಬೇಕು. ಇಂಜೆಕ್ಟರ್ ರೈಲಿಗೆ (ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ) ಹೋಗುವ ಪೈಪಿನ ನಡುವೆ ಟಿ ಜಾಯಿಂಟ್, ಅದಕ್ಕೆ ಗೇಜ್, ಟ್ಯಾಂಕಿನ ಕಡೆಗೊಂದು ವಾಲ್ವ್. ಫ್ಯೂಸ್, ಬ್ಯಾಟರಿ ಮತ್ತೆ ಜೋಡಿಸಿ ಇಂಜಿನ್ ಓಡಿಸಿದಾಗ, ಸಾಮಾನ್ಯ ಎಂಪಿಎಫ್ಐ (ಪ್ರತಿ ಸಿಲಿಂಡರಿಗೂ ಒಂದು ಇಂಜೆಕ್ಟರ್ ಇರುವ) ಪೆಟ್ರೋಲ್ ಕಾರುಗಳಲ್ಲಿ 3ರಿಂದ 4 ಬಾರ್ ಪ್ರೆಶರ್ ಬರುತ್ತದೆ; ಆಯಾ ಮಾಡೆಲಿನ ನಿಖರ ಅಂಕಿಗೆ ಸರ್ವೀಸ್ ಮ್ಯಾನ್ಯುಯಲ್ ನೋಡಲೇಬೇಕು. ಇಂಜಿನ್ ಆಫ್ ಮಾಡಿ ಗೇಜಿನ ಮುಳ್ಳನ್ನು ಗಮನಿಸಿ. ಸರಸರನೆ ಇಳಿದರೆ ಮತ್ತೆ ಪ್ರೆಶರ್ ಕಟ್ಟಿ, ಕೂಡಲೇ ವಾಲ್ವ್ ಮುಚ್ಚಿ. ಈಗ ಮುಳ್ಳು ನಿಂತರೆ ದೋಷ ಟ್ಯಾಂಕಿನ ಕಡೆಯದು: ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್, ಇಲ್ಲವೇ ಪ್ರೆಶರ್ ಹದದಲ್ಲಿಡುವ ಟ್ಯಾಂಕಿನೊಳಗಿನ ರೆಗ್ಯುಲೇಟರ್. ಆಗಲೂ ಇಳಿಯುತ್ತಿದ್ದರೆ ಇಂಜೆಕ್ಟರ್ ಸೋರುತ್ತಿರಬಹುದು. ಆಗ ಹೊಸ ಪಂಪ್ ಹಾಕಿ ಏನೂ ಪ್ರಯೋಜನವಿಲ್ಲ. ಪ್ಲಗ್ ಒದ್ದೆಯಾಗಿರುವುದು, ಸ್ಟಾರ್ಟ್ ಆಗುವಾಗ ಪೆಟ್ರೋಲ್ ವಾಸನೆ, ಕಪ್ಪು ಹೊಗೆ ಇಂಜೆಕ್ಟರ್ ಸೋರುತ್ತಿರುವುದಕ್ಕೆ ಸಾಕ್ಷಿ. ನೈಲಾನ್ ಪೈಪನ್ನು ಮಾತ್ರ ಇಕ್ಕಳದಿಂದ ಒತ್ತಿ ಮುಚ್ಚಬೇಡಿ, ಸೀಳುತ್ತದೆ.

ಪ್ರೆಶರ್ ಮೊದಲಿನಿಂದಲೇ ಕಡಿಮೆ ಇದ್ದರೂ ಪಂಪನ್ನು ದೂರುವ ಮುನ್ನ ಅದು ಓಡುವಾಗ ಅದರ ಕನೆಕ್ಟರಿನಲ್ಲೇ ವೋಲ್ಟೇಜ್ ಅಳೆಯಿರಿ. ಬ್ಯಾಟರಿಗಿಂತ ಅರ್ಧ ವೋಲ್ಟಿಗೂ ಹೆಚ್ಚು ಕೊರತೆ ಕಂಡರೆ ರಿಲೇ, ವೈರ್, ಅರ್ತ್ ನೋಡಬೇಕು. ಫಿಲ್ಟರಿನಲ್ಲಿ ಕಸ ಕಟ್ಟಿರುವುದೂ ಉಂಟು. ಈ ಅಂಕಿಗಳನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಡಿ ಎಂದು ಗ್ರಾಹಕರು ಕೇಳಲಿ.

ಡೀಸೆಲ್ ಕಾಮನ್ ರೈಲ್ (ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಹೈ ಪ್ರೆಶರ್ ಡೀಸೆಲ್ ಹೋಗುವ) ಗಾಡಿಗಳಿಗೆ ಈ ಗೇಜನ್ನು ಹೈ ಪ್ರೆಶರ್ ಕಡೆ ಹಾಕಲೇಬಾರದು. ಅಲ್ಲಿ ಪ್ರೆಶರ್ ಸಾವಿರ ಬಾರ್ ದಾಟುತ್ತದೆ, ಸ್ಕ್ಯಾನರಿನಲ್ಲೇ ಓದಬೇಕು. ಇಂಜಿನ್ ಓಡುವಾಗ ಪೈಪ್ ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೊಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

– ವಾಹನ ದುರಸ್ತಿಗಾರರು, ಹಾಸನ