ಭಾನುವಾರ ಕತ್ತಿಗೆ ‘ಕಿಟಕಿ’ ತೆರೆಸುವುದು: ಬರುವವರು ಓದಿ

ಟೋಕಿಯೊ ಗುಂಪಿನ ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಬೆಳಗ್ಗೆ 10:30ಕ್ಕೆ ರ್ಯೋಗೊಕು ಸ್ಟೇಷನ್ನಿನ ಪಶ್ಚಿಮ ಗೇಟಿನಲ್ಲಿ ಸೇರೋಣ. ಮೊದಲು ಕತ್ತಿ ಮ್ಯೂಸಿಯಂ, ಊಟ ಆದಮೇಲೆ ಸಾಣೆಯವರ ಮನೆ. ಹಳೇ ಜಪಾನಿ ಕತ್ತಿ ಕೊಂಡವರು ತರಬಹುದು.

ಪೂರ್ತಿ ಸಾಣೆಗೆ ಕೆಲವೊಮ್ಮೆ ಕತ್ತಿಯ ಬೆಲೆಗಿಂತ ಜಾಸ್ತಿ ಖರ್ಚಾಗುತ್ತದೆ, ಹಾಗಾಗಿ ಮೊದಲು ಒಂದೆರಡು ಇಂಚು ಜಾಗ ಮಾತ್ರ ಒರಟು ಕಲ್ಲಿನಿಂದ ನಯ ಕಲ್ಲಿನವರೆಗೆ ಉಜ್ಜಿಸಿ ನೋಡುವುದು, ಇದಕ್ಕೇ ‘ಕಿಟಕಿ’ ಅನ್ನುವುದು. ತುಕ್ಕಿನ ಕೆಳಗೆ ಮಡಚಿ ಬಡಿದ ಉಕ್ಕಿನ ಎಳೆ, ಮರದ ಹಲಗೆಯಲ್ಲಿ ಕಾಣುವ ಹಾಗೆ, ಕಂಡರೆ ಖುಷಿ ಪಡಿ. ಅಲಗಿನ ಬದಿಯ ಬಿಳಿ ಹಾಮೊನ್ ಗೆರೆಯನ್ನು (ಕಾಸಿ ಅದ್ದಿ ಗಟ್ಟಿ ಮಾಡಿದ ಅಂಚಿನ ಗುರುತು) ಬಲ್ಬಿನ ಕೆಳಗೆ ಓರೆಯಾಗಿ ಹಿಡಿದು ನೋಡಿ, ಸಣ್ಣ ಹರಳಿನಂಥ ಚುಕ್ಕಿಗಳು ಮಿನುಗುತ್ತವಾ ಅಂತ. ಎರಡನೇ ಮಹಾಯುದ್ಧದ ಕಾಲದಲ್ಲಿ, ಕಾಸಿ ಎಣ್ಣೆಯಲ್ಲಿ ಅದ್ದಿ ತಯಾರಿಸಿದ ಕಾರ್ಖಾನೆ ಕತ್ತಿಯಾದರೆ ಸಾಮಾನ್ಯವಾಗಿ ಇದೆಲ್ಲ ಕಾಣಲ್ಲ. ಆದರೆ ಕಿಟಕಿ ತೋರಿಸುವುದು ಅಷ್ಟೇ ಜಾಗ, ಅಲಗಿನ ಬಿರುಕು ಬೇರೆ ಕಡೆ ಇರಬಹುದು ಅಲ್ವಾ?

ಮನೆಯಲ್ಲಿ ಸುಮ್ನೆ ಸ್ಯಾಂಡ್‌ಪೇಪರ್ ಹಾಕಬೇಡಿ. ಹಿಡಿಯೊಳಗಿನ ಭಾಗದ ಕಪ್ಪು ತುಕ್ಕನ್ನಂತೂ ಮುಟ್ಟಲೇಬೇಡಿ, ವಯಸ್ಸು ಅಂದಾಜು ಮಾಡಲು ಅದೂ ಬೇಕು. ಕತ್ತಿಯ ಜೊತೆ ನೋಂದಣಿ ಪತ್ರ ಇರಲೇಬೇಕು, ಇದು ಜಪಾನಿನ ಕಾನೂನು. ಚೀಲದಲ್ಲಿ ಕಟ್ಟಿ ತನ್ನಿ. ಅಲಗಿನ ಮೇಲೆ ಬಾಗಿ ಮಾತಾಡಬೇಡಿ, ಎಂಜಲು ಹಾರಿದರೂ ತುಕ್ಕು ಹಿಡಿಯುತ್ತದೆ.

ಸಾಣೆಯವರ ಕೋಣೆ ಚಿಕ್ಕದು, ಆರು ಜನಕ್ಕೆ ಮಾತ್ರ ಜಾಗ. ಬರುವವರು, ಕತ್ತಿ ತರುತ್ತೀರಾ ಇಲ್ಲವಾ ಅನ್ನುವುದನ್ನೂ ಸೇರಿಸಿ, ಗುರುವಾರ ರಾತ್ರಿಯೊಳಗೆ ಇಲ್ಲೇ ಹೇಳಿ.